ಹತ್ತು ಚೀಟಿಗಳಲ್ಲಿ 9:3:3:1

ಹತ್ತನೆಯ ತರಗತಿಯ ಅನುವಂಶೀಯತೆಯನ್ನು ಸಂಭವನೀಯತೆಯೊಂದಿಗೆ ಜೋಡಿಸಿ ಕಲಿಸಲು ಮೆಂಡೆಲ್‌ನ ಬಟಾಣಿಗಿಂತ ಒಳ್ಳೆಯ ಸಾಮಗ್ರಿ ನನಗೆ ಕಂಡಿಲ್ಲ. 1866ರಲ್ಲಿ ಪ್ರಕಟವಾದ ಅವನ ಪ್ರಬಂಧದಲ್ಲಿ 556 ಕಾಳುಗಳ ಲೆಕ್ಕವಿದೆ: ದುಂಡು ಹಳದಿ 315, ದುಂಡು ಹಸಿರು 108, ಸುಕ್ಕು ಹಳದಿ 101, ಸುಕ್ಕು ಹಸಿರು 32. ಇದರ ಹಿಂದಿರುವ ಸಂಭವನೀಯತೆಗಳು 9/16, 3/16, 3/16, 1/16.

ಇದನ್ನು ಚೀಟಿ ಎತ್ತಿಸಿ ಮಾಡಿಸಬಹುದು. 16 ಚೀಟಿಗಳಿದ್ದರೆ ತೊಂದರೆಯೇ ಇಲ್ಲ. ಆದರೆ ಬೋಧನಾಭ್ಯಾಸದಲ್ಲಿ ನಾನು ಇಡೀ ಅಧ್ಯಾಯಕ್ಕೆ ಬಳಸುವುದು 0ಯಿಂದ 9ರವರೆಗಿನ ಹತ್ತು ಅಂಕಿ ಚೀಟಿಗಳ ಒಂದೇ ಕಟ್ಟು. (ಎತ್ತಿದ ಚೀಟಿಯನ್ನು ಪ್ರತಿ ಸಲವೂ ಡಬ್ಬಿಗೆ ಮರಳಿ ಹಾಕಿಸಬೇಕು.) ಈ ಹತ್ತನ್ನು ನಾಲ್ಕು ಬಗೆಗಳಿಗೆ ಹಂಚುವುದು ಹೇಗೆ?

ಸಂಭವನೀಯತೆಗಳನ್ನು ಹತ್ತರಿಂದ ಗುಣಿಸಿದರೆ 5.625, 1.875, 1.875, 0.625. ಸಮೀಪದ ಪೂರ್ಣಸಂಖ್ಯೆ ಬರೆದರೆ 6, 2, 2, 1, ಮೊತ್ತ 11! ಆದ್ದರಿಂದ ಮೊದಲು ಪೂರ್ಣಾಂಶವನ್ನಷ್ಟೇ ಕೊಡೋಣ: 5, 1, 1, 0. ಉಳಿದ ಮೂರು ಚೀಟಿಗಳು ದೊಡ್ಡ ಭಿನ್ನಾಂಶ ಉಳಿದವರಿಗೆ. ಭಿನ್ನಾಂಶ f ಇರುವ ಬಗೆಗೆ ಒಂದು ಚೀಟಿ ಕೊಟ್ಟರೆ ಅದರ ವ್ಯತ್ಯಾಸ f ಇದ್ದದ್ದು 1–f ಆಗುತ್ತದೆ. F ದೊಡ್ಡದಾದಷ್ಟೂ ಲಾಭ ಹೆಚ್ಚು. ಎರಡು ಚೀಟಿ 0.875 ಇರುವವರಿಗೆ ಹೋಗುತ್ತವೆ. ಕೊನೆಯ ಚೀಟಿಗೆ 0.625 ಇರುವ ಇಬ್ಬರು ಸ್ಪರ್ಧಿಗಳು.

ಹಾಗಾಗಿ ಎರಡು ಉತ್ತರಗಳು: 6, 2, 2, 0 ಅಥವಾ 5, 2, 2, 1. ನಾಲ್ಕು ಸಂಭವನೀಯತೆಗಳ ವ್ಯತ್ಯಾಸಗಳನ್ನು ಚಿಹ್ನೆ ಬಿಟ್ಟು ಕೂಡಿಸಿ ಅರ್ಧ ಮಾಡಿದರೆ ಎರಡಕ್ಕೂ 0.0625 ಬರುತ್ತದೆ. ಯಾವುದೇ ಘಟನೆಯ ಸಂಭವನೀಯತೆಯಲ್ಲಿ ಆಗಬಹುದಾದ ಅತಿ ಹೆಚ್ಚಿನ ದೋಷ ಇದು. ಈ ಅಳತೆಯ ಪ್ರಕಾರ ಎರಡೂ ಸಮ.

ಆದರೆ ತರಗತಿಯಲ್ಲಿ ಅವು ಸಮವಲ್ಲ. ಮೊದಲನೆಯದರಲ್ಲಿ ಸುಕ್ಕು ಹಸಿರು ಅಸಂಭವ ಘಟನೆ. ಎಷ್ಟು ಸಾವಿರ ಸಲ ಎತ್ತಿದರೂ ಅದು ಬರುವುದಿಲ್ಲ. ಮೆಂಡೆಲ್‌ಗೆ ಮಾತ್ರ 32 ಸಿಕ್ಕಿದ್ದವು. ವಿರಳವಾದದ್ದಕ್ಕೂ ಆಗದೇ ಇರುವುದಕ್ಕೂ ಇರುವ ಅಂತರವನ್ನು ಕಲಿಸಬೇಕಾದ ಪಾಠವೇ ಅದನ್ನು ಅಳಿಸಿಬಿಡುತ್ತದೆ. ಅದಕ್ಕೇ ನಾನು 5, 2, 2, 1 ಆರಿಸುತ್ತೇನೆ. ಇದಕ್ಕೂ ಬೆಲೆಯಿದೆ: 556 ಸಲ ಎತ್ತಿದರೆ ಸುಕ್ಕು ಹಸಿರು ಸುಮಾರು 35ರ ಬದಲು ಸುಮಾರು 56 ನಿರೀಕ್ಷಿಸಬೇಕು. ಅನುಪಾತವನ್ನೇ ಅಳೆಯಿಸುವ ಚಟುವಟಿಕೆಗೆ ಇದು ಸಾಲದು.

ಅಲ್ಲಿ ಚೀಟಿಯನ್ನು ಎರಡು ಸಲ ಎತ್ತಿಸಿ ಎರಡಂಕಿಯ ಸಂಖ್ಯೆ ಮಾಡಿಸಿ. ನೂರಕ್ಕೆ ಅದೇ ಕ್ರಮದಲ್ಲಿ 56, 19, 19, 6 ಬರುತ್ತದೆ, ದೋಷ 0.005ಕ್ಕೆ ಇಳಿಯುತ್ತದೆ. ಕಪ್ಪುಹಲಗೆಯ ಮೇಲೆ ಬರೆಯಬೇಕಾದ್ದು ಇಷ್ಟು: 00–55 ದುಂಡು ಹಳದಿ, 56–74 ದುಂಡು ಹಸಿರು, 75–93 ಸುಕ್ಕು ಹಳದಿ, 94–99 ಸುಕ್ಕು ಹಸಿರು.