ಹುಲ್ಲು ಬೆಳೆಯದ ತಿಂಗಳುಗಳು

ಟಿವಿಯಲ್ಲಿ ಗಾಲ್ಫ್ ನೋಡಿದವರಿಗೆ ಅದು ಬಿಸಿಲುಗಾಲದ ಆಟ. ಬ್ರಿಟನ್ನಿನ ಓಪನ್ ಟೂರ್ನಿ ನಡೆಯುವುದೂ ಜುಲೈಯಲ್ಲೇ. ಆದರೆ ಈ ಆಟ ಬೆಳೆದ ಸ್ಕಾಟ್ಲೆಂಡಿನಲ್ಲಿ ನೂರಾರು ವರ್ಷ ಗಾಲ್ಫ್ ಆಡುತ್ತಿದ್ದದ್ದು ಹೆಚ್ಚಾಗಿ ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಹುಲ್ಲು ಎತ್ತರಕ್ಕೆ ಬೆಳೆದುಬಿಟ್ಟರೆ ಆಟಕ್ಕಿಂತ ಚೆಂಡು ಹುಡುಕುವುದೇ ಹೆಚ್ಚಾಗುತ್ತಿತ್ತು. ಎಡ್ವಿನ್ ಬಡಿಂಗ್ ಎಂಬ ಇಂಗ್ಲೆಂಡಿನವನು ಹುಲ್ಲು ಕತ್ತರಿಸುವ ಯಂತ್ರ ಕಂಡುಹಿಡಿದದ್ದು 1830ರಲ್ಲಿ. ಅದು ಗಾಲ್ಫ್ ಮೈದಾನಗಳಿಗೆ ಬಂದು ಸೇರಲು ಇನ್ನೂ ಹಲವು ದಶಕ ಹಿಡಿಯಿತು. ಅಲ್ಲಿಯವರೆಗೆ ಮೈದಾನದ ಆಳುಗಳೆಂದರೆ ಕುರಿ ಮತ್ತು ಮೊಲ. ಚಳಿಗೆ ಹುಲ್ಲು ತಾನಾಗಿ ಬೆಳೆಯುವುದನ್ನು ನಿಲ್ಲಿಸಿದಾಗ ಆಟ ಶುರು.

ಈಗ ಲೆಕ್ಕ ತಲೆಕೆಳಗಾಗಿದೆ. ಹುಲ್ಲು ಬೆಳೆಯದ ಆ ತಿಂಗಳುಗಳೇ ಮೈದಾನ ನೋಡಿಕೊಳ್ಳುವವರ ದೊಡ್ಡ ತಲೆನೋವು. ಸೇಂಟ್ ಆಂಡ್ರೂಸ್ ಪಟ್ಟಣದ ಓಲ್ಡ್ ಕೋರ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಇದು ಊರಿನ ಜಾಗ, ಯಾವುದೇ ಕ್ಲಬ್ಬಿನ ಸ್ವತ್ತಲ್ಲ. 1974ರಿಂದ ಒಂದು ಟ್ರಸ್ಟ್ ಇದನ್ನು ನಡೆಸುತ್ತಿದೆ, ಚಳಿಗಾಲದಲ್ಲೂ ಮುಚ್ಚುವುದಿಲ್ಲ.

ಮುಚ್ಚದೆ ಇರಲು ಸಾಧ್ಯವಾಗಿರುವುದು ಮರಳಿನಿಂದ. ಸಮುದ್ರ ಹಿಂದೆ ಸರಿದು ಬಿಟ್ಟುಹೋದ ಮರಳು ದಿಬ್ಬಗಳ ಮೇಲೆ ಹಬ್ಬಿದ ಹುಲ್ಲುಗಾವಲು ಇದು. ಎಷ್ಟು ಮಳೆ ಸುರಿದರೂ ನೀರು ಇಂಗಿಹೋಗುತ್ತದೆ, ಕೆಸರಾಗುವುದು ಕಡಿಮೆ. ಸಮುದ್ರ ಪಕ್ಕದಲ್ಲೇ ಇರುವುದರಿಂದ ಒಳನಾಡಿನಷ್ಟು ಹಿಮವೂ ನಿಲ್ಲುವುದಿಲ್ಲ. ಮೇಲೆ ಬೆಳೆಯುವುದು ಫೆಸ್ಕ್ಯೂ ಮತ್ತು ಬೆಂಟ್ ಎಂಬ ಸಣ್ಣ ಎಲೆಯ ಚಳಿನಾಡಿನ ಹುಲ್ಲುಗಳು. ಬಿಸಿನಾಡಿನ ಮೈದಾನಗಳಲ್ಲಿ ಬರ್ಮುಡಾ ಎಂದು ಕರೆಯುವ ಹುಲ್ಲು ನಮ್ಮ ಗರಿಕೆಯೇ, ಗಣಪತಿಗೆ ಏರಿಸುವ ಅದೇ ಗರಿಕೆ. ಅದನ್ನು ಸ್ಕಾಟ್ಲೆಂಡಿನಲ್ಲಿ ಹಾಕಿದರೆ ಮೊದಲ ಚಳಿಗೇ ಒಣಗಿ ಕಂದು ಬಣ್ಣಕ್ಕೆ ತಿರುಗುತ್ತದೆ.

ಚಳಿನಾಡಿನ ಹುಲ್ಲಿಗೂ ಒಂದು ಮಿತಿಯಿದೆ. ಮಣ್ಣಿನ ಉಷ್ಣತೆ ಐದಾರು ಡಿಗ್ರಿಗಿಂತ ಕೆಳಗಿಳಿದರೆ ಅದರ ಬೆಳವಣಿಗೆ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಬಿಸಿಲಾದರೂ ಎಲ್ಲಿ? ಸೇಂಟ್ ಆಂಡ್ರೂಸ್ ಇರುವುದು 56 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ನಡುಮಧ್ಯಾಹ್ನ ಸೂರ್ಯ ಅಲ್ಲಿ ದಿಗಂತದಿಂದ ಬರೀ 10 ಡಿಗ್ರಿ ಮೇಲಿರುತ್ತಾನೆ. ಅದೇ ದಿನ ಬೆಂಗಳೂರಿನಲ್ಲಿ ಸುಮಾರು 54 ಡಿಗ್ರಿ. ಸೇಂಟ್ ಆಂಡ್ರೂಸಿನಲ್ಲಿ ಆರಡಿ ಆಳಿನ ನೆರಳು ಮಧ್ಯಾಹ್ನದಲ್ಲೇ ಮೂವತ್ತು ಅಡಿ ದಾಟುತ್ತದೆ. ತಗ್ಗಿನಲ್ಲಿ ಕೂತ ಇಬ್ಬನಿಯ ಮಂಜು ಇಡೀ ದಿನ ಕರಗದೆ ಉಳಿಯುವುದೂ ಉಂಟು. ಹಗಲು ಏಳು ಗಂಟೆಯೂ ಇಲ್ಲ, ಒಂದು ಸುತ್ತು ಆಡಿ ಮುಗಿಸಲು ನಾಲ್ಕು ಗಂಟೆ ಬೇಕು.

ಹೀಗಿರುವಾಗ ಕಬ್ಬಿಣದ ಕೋಲು ಬೀಸಿ ಹುಲ್ಲು ಸಮೇತ ಒಂದು ಹೆಂಟೆ ಕಿತ್ತರೆ ಆ ಗಾಯ ಮಾರ್ಚ್ ಕಳೆಯುವವರೆಗೆ ಮಾಯುವುದಿಲ್ಲ. ಅದಕ್ಕೇ ನವೆಂಬರಿನಿಂದ ಮಾರ್ಚ್‌ವರೆಗೆ ಆಟಗಾರರ ಕೈಗೆ ಕೃತಕ ಹುಲ್ಲಿನ ಒಂದು ಪುಟ್ಟ ಚಾಪೆ ಕೊಡುತ್ತಾರೆ. ಚೆಂಡು ನಡುಹಾಸಿನಲ್ಲಿ, ಅಂದರೆ ಫೇರ್‌ವೇಯಲ್ಲಿ, ನಿಂತರೆ ಅದನ್ನೆತ್ತಿ ಚಾಪೆಯ ಮೇಲಿಟ್ಟು ಹೊಡೆಯಬೇಕು. ದೂರದ ಊರಿಂದ ದುಡ್ಡು ಸುರಿದು ಬಂದವರು ಇದಕ್ಕೆ ಮುಖ ಸಿಂಡರಿಸುತ್ತಾರೆ. ಅವರ ಬೇಸರ ಅರ್ಥವಾಗುತ್ತದೆ. ಆದರೂ ವರ್ಷಪೂರ್ತಿ ತೆರೆದಿರುವ ಮೈದಾನಕ್ಕೆ ಇದಕ್ಕಿಂತ ಕಡಿಮೆ ಬೆಲೆ ಇರಲಾರದು.

ಕುಳಿಯ ಸುತ್ತಲಿನ ಗ್ರೀನ್‌ನಲ್ಲಿ ಹಾನಿ ಇನ್ನೂ ಸೂಕ್ಷ್ಮ. ಬೆಳಿಗ್ಗೆ ಮಂಜುಗಟ್ಟಿದಾಗ ಎಲೆಯ ಜೀವಕೋಶದೊಳಗಿನ ನೀರೂ ಹೆಪ್ಪುಗಟ್ಟಿರುತ್ತದೆ. ಅದರ ಮೇಲೆ ಕಾಲಿಟ್ಟರೆ ಕೋಶದ ಗೋಡೆ ಚೂರಾಗುತ್ತದೆ. ಆ ಹೊತ್ತಿಗೆ ಏನೂ ಕಾಣದು. ಒಂದೆರಡು ದಿನ ಬಿಟ್ಟು ನೋಡಿದರೆ ಹೆಜ್ಜೆ ಹೆಜ್ಜೆಯೂ ಕಪ್ಪಗೆ ಅಚ್ಚೊತ್ತಿರುತ್ತದೆ. ಮಂಜು ಕರಗುವ ಹೊತ್ತು ಇನ್ನೂ ಅಪಾಯ: ಮೇಲಿನ ಅಂಗುಲ ಮೆತ್ತಗೆ, ಕೆಳಗೆ ಕಲ್ಲಿನಂತೆ ಗಟ್ಟಿ, ತುಳಿದರೆ ನಡುವಿನ ಬೇರು ಹರಿಯುತ್ತದೆ. ಅದಕ್ಕಾಗಿ ಎಷ್ಟೋ ಕ್ಲಬ್ಬುಗಳು ಅಂಥ ದಿನಗಳಲ್ಲಿ ಫೇರ್‌ವೇಯಲ್ಲೇ ಒಂದು ಕುಳಿ ತೋಡಿ ತಾತ್ಕಾಲಿಕ ಗ್ರೀನ್ ಮಾಡಿಕೊಳ್ಳುತ್ತವೆ.

ಚಳಿಯಲ್ಲಿ ಚೆಂಡಿನ ನಡತೆಯೂ ಬೇರೆ. ಸೊನ್ನೆ ಡಿಗ್ರಿಯ ಗಾಳಿ 20 ಡಿಗ್ರಿಯ ಗಾಳಿಗಿಂತ ಶೇ 7ರಷ್ಟು ದಟ್ಟ. ತಣ್ಣಗಾದ ಚೆಂಡಿನ ಪುಟಿತವೂ ಕುಗ್ಗಿರುತ್ತದೆ. ಹಾಗಾಗಿ ಹಾರುವ ದೂರ ಕಡಿಮೆ. ನೆಲ ಹೆಪ್ಪುಗಟ್ಟಿದ್ದರೆ ಮಾತ್ರ ಕೆಳಗೆ ಬಿದ್ದ ಮೇಲೆ ಎತ್ತ ಜಿಗಿದು ಎಲ್ಲಿ ನಿಲ್ಲುತ್ತದೆಂದು ಹೇಳಲಾಗದು.

ಈ ಹಳೆಯ ಮೈದಾನದ ವಿನ್ಯಾಸ ಚಳಿಗಾಲದಲ್ಲಿ ಚೆನ್ನಾಗಿ ಅರ್ಥವಾಗುತ್ತದೆ ಎನ್ನುವುದು ಇದಕ್ಕೇ. ಹೊಸ ಕಾಲದ ಎಷ್ಟೋ ಮೈದಾನಗಳಲ್ಲಿ ಗ್ರೀನ್‌ನ ಮುಂದೆ ಕೊಳವೋ ಮರಳುಗುಂಡಿಯೋ ಅಡ್ಡ ಇರುತ್ತದೆ. ಚೆಂಡನ್ನು ಎತ್ತರಕ್ಕೆ ಹಾರಿಸಿ ಮೆತ್ತನೆಯ ಹುಲ್ಲಿನ ಮೇಲೆ ಇಳಿಸಬೇಕು. ಗಟ್ಟಿನೆಲದಲ್ಲಿ ಆ ಆಟ ನಡೆಯದು. ಓಲ್ಡ್ ಕೋರ್ಸಿನಲ್ಲಿ, ಮೊದಲ ಗ್ರೀನ್‌ಗೆ ಅಡ್ಡ ಹರಿಯುವ ಸ್ವಿಲ್ಕನ್ ತೊರೆ ಬಿಟ್ಟರೆ, ನೆಲದ ಮೇಲೆ ಉರುಳಿಸಿಕೊಂಡು ಒಳಗೆ ಹೋಗಲು ಎಲ್ಲೋ ಒಂದು ಬಾಗಿಲು ತೆರೆದೇ ಇರುತ್ತದೆ.

ರೋಡ್ ಹೋಲ್ ಎಂದು ಹೆಸರಾದ 17ನೆಯದನ್ನೇ ನೋಡಿ. ಓಪನ್ ಟೂರ್ನಿಗೆ 2010ರಿಂದ ಇದರ ಉದ್ದ 495 ಗಜ, ಚೆಂಡನ್ನು ಕುಳಿಗೆ ಸೇರಿಸಲು ಲೆಕ್ಕದ ಪ್ರಕಾರ ನಾಲ್ಕೇ ಹೊಡೆತ. ಗ್ರೀನ್ ಕಿರಿದಾಗಿ ಓರೆಗೆ ಮಲಗಿದೆ. ಅದರ ಎಡಹೊಟ್ಟೆಯನ್ನು ಕೊರೆದುಕೊಂಡು ಒಂದು ಆಳವಾದ ಮರಳುಗುಂಡಿ, ಅಂದರೆ ಬಂಕರ್, ಬೆನ್ನಿಗೆ ಡಾಂಬರು ರಸ್ತೆ, ಅದರಾಚೆ ಕಲ್ಲುಗೋಡೆ. ರಸ್ತೆಗೆ ಬಿದ್ದ ಚೆಂಡನ್ನು ರಸ್ತೆಯ ಮೇಲಿಂದಲೇ ಆಡಬೇಕು. 1978ರ ಓಪನ್‌ನಲ್ಲಿ ಜಪಾನಿನ ಟಾಮಿ ನಕಜಿಮಾ ಎರಡೇ ಹೊಡೆತದಲ್ಲಿ ಗ್ರೀನ್ ತಲುಪಿದ್ದರು. ಆಮೇಲೆ ನಿಧಾನಕ್ಕೆ ತಳ್ಳಿದ ಚೆಂಡು ಇಳಿಜಾರಿನಲ್ಲಿ ಜಾರಿ ಬಂಕರಿಗೆ ಬಿತ್ತು. ಹೊರಬರುವಷ್ಟರಲ್ಲಿ ಲೆಕ್ಕ ಕೆಟ್ಟು ಆ ಹೋಲ್ ಒಂದಕ್ಕೇ 9 ಹೊಡೆತವಾಯಿತು. ಜುಲೈಯ ನೆಲದಲ್ಲೇ ಈ ಗತಿ. ಜನವರಿಯಲ್ಲಿ ಜಾಣರು ಬಲಬದಿಯ ತಗ್ಗಿನಲ್ಲಿ ಚೆಂಡು ಬೀಳಿಸಿ ದಿಬ್ಬ ಹತ್ತಿಸುತ್ತಾರೆ, ಐದಕ್ಕೆ ಮುಗಿದರೂ ಮಾತಾಡದೆ ಮುಂದೆ ಹೋಗುತ್ತಾರೆ.

ಆಡುವವರು ವಿರಳವಾದ ಈ ತಿಂಗಳುಗಳಲ್ಲೇ ಬಂಕರ್‌ಗಳ ದುರಸ್ತಿ ನಡೆಯುತ್ತದೆ. ಹುಲ್ಲಿನ ಹೆಂಟೆಗಳನ್ನು ಸಮನಾಗಿ ಕತ್ತರಿಸಿ, ಇಟ್ಟಿಗೆ ಗೋಡೆ ಎಬ್ಬಿಸಿದ ಹಾಗೆ ಒಂದರ ಮೇಲೊಂದು ಪೇರಿಸುತ್ತಾರೆ. ಪ್ರತಿ ಸಾಲನ್ನೂ ಚೂರು ಹಿಂದಕ್ಕೆ ಸರಿಸುತ್ತಾರೆ. ಹೀಗೆ 112 ಬಂಕರ್‌ಗಳಿವೆ.

ಸವಕಳಿ ಹಂಚುವ ಚಿಂತೆ ಇಲ್ಲಿ ಹಳೆಯದು. ಒಂದು ಕಾಲಕ್ಕೆ ಹೋಗುವವರಿಗೂ ಬರುವವರಿಗೂ ಒಂದೇ ದಾರಿ, ಅವೇ ಕುಳಿಗಳು. ಜನ ಹೆಚ್ಚಿದಾಗ ಗ್ರೀನ್‌ಗಳನ್ನು ಅಗಲ ಮಾಡಿ ಒಂದೊಂದರಲ್ಲೂ ಎರಡೆರಡು ಕುಳಿ ತೋಡಿದರು. ಇಂದಿಗೂ ಏಳು ಗ್ರೀನ್‌ಗಳು ಜೋಡಿಯಾಗಿಯೇ ಇವೆ: 2ಕ್ಕೆ 16, 3ಕ್ಕೆ 15, ಹೀಗೆ ಯಾವ ಜೋಡಿ ಕೂಡಿಸಿದರೂ 18. ಹೋಗುವವರ ಬಾವುಟ ಬಿಳಿ, ಮರಳುವವರದು ಕೆಂಪು. 1870ರ ಸುಮಾರಿಗೆ ಮೈದಾನದ ಮೇಲ್ವಿಚಾರಕರಾಗಿದ್ದ ಟಾಮ್ ಮಾರಿಸ್ ಮೊದಲ ಹೋಲ್‌ಗೆ ಬೇರೆ ಗ್ರೀನ್ ಕಟ್ಟಿದರು. ಆಗ ಮೈದಾನವನ್ನು ಎಡಸುತ್ತು, ಬಲಸುತ್ತು ಎರಡೂ ರೀತಿಯಲ್ಲಿ ಆಡುವುದು ಸಾಧ್ಯವಾಗಿ, ಒಂದು ವಾರ ಹಾಗೆ, ಇನ್ನೊಂದು ವಾರ ಹೀಗೆ ಎಂಬ ಪದ್ಧತಿ ಬಂತು. ತುಳಿತಕ್ಕೆ ಸಿಕ್ಕಿದ ಜಾಗಕ್ಕೆ ಅಷ್ಟು ಬಿಡುವು. ಈಗಲೂ ದೊಡ್ಡ ಟೂರ್ನಿಗಳನ್ನು ಬಿಟ್ಟರೆ ಭಾನುವಾರ ಆಟವೇ ಇಲ್ಲ. ಊರಿನವರು ನಾಯಿ ಕರೆದುಕೊಂಡು ಫೇರ್‌ವೇ ಮೇಲೆ ಅಡ್ಡಾಡುತ್ತಾರೆ.

ಕಾಲಕ್ರಮದಲ್ಲಿ ಒಂದೇ ದಿಕ್ಕು ಗಟ್ಟಿಯಾಯಿತು, ಬಂಕರ್‌ಗಳು ಮಾತ್ರ ಎರಡೂ ದಿಕ್ಕಿನ ಆಟಕ್ಕೆ ಸೇರಿದವು. ಹಾಗಾಗಿ ಕೆಲವು ಗುಂಡಿಗಳ ಬಾಯಿ ಈಗಿನ ಆಟಗಾರನಿಗೆ ಬೆನ್ನು ಹಾಕಿದೆ, ಹೊಡೆಯುವ ಜಾಗದಿಂದ ಕಾಣುವುದೇ ಇಲ್ಲ. ಹೊಸಬರು ಹಸಿರು ಮಾತ್ರ ಕಂಡು ಜೋರಾಗಿ ಬಾರಿಸುತ್ತಾರೆ. ಚೀಲ ಹೊತ್ತ ಕ್ಯಾಡಿ ಎಡಕ್ಕೆ ಹೊಡೆಯಿರಿ ಎಂದರೆ ಕೇಳುವುದು ಕ್ಷೇಮ.