ಸೊಳ್ಳೆಗೆ ಮಲೇರಿಯಾ ಅಂಟಿಸುವವರು ನಾವೇ!

ಸೊಳ್ಳೆ ಕಚ್ಚಿದರೆ ಮಲೇರಿಯಾ ಬರುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ಆ ಸೊಳ್ಳೆಗೆ ರೋಗಾಣು ಬಂದದ್ದೆಲ್ಲಿಂದ? ಯಾವ ಸೊಳ್ಳೆಯೂ ಹುಟ್ಟುವಾಗಲೇ ಮಲೇರಿಯಾ ಹೊತ್ತು ಬರುವುದಿಲ್ಲ. ರೋಗಿಯ ರಕ್ತ ಹೀರಿದಾಗಲೇ ಅದಕ್ಕೆ ಸೋಂಕು ತಗಲುತ್ತದೆ.

ಪ್ಲಾಸ್ಮೋಡಿಯಂ ಎಂಬ ಈ ರೋಗಾಣು ಒಂದೇ ಜೀವಕೋಶದ ಪರೋಪಜೀವಿ. ರಕ್ತದೊಡನೆ ಅನಾಫಿಲಿಸ್ ಹೆಣ್ಣು ಸೊಳ್ಳೆಯ ಹೊಟ್ಟೆ ಸೇರಿದ ಗಂಡು, ಹೆಣ್ಣು ರೂಪಗಳು ಅಲ್ಲಿಯೇ ಕೂಡುತ್ತವೆ. ಬಳಿಕ ಜಠರದ ಗೋಡೆಯ ಮೇಲೆ ಗುಳ್ಳೆಗಳಾಗಿ ಬೆಳೆದು ಒಡೆಯುತ್ತವೆ. ಹೊರಬಿದ್ದ ಸಾವಿರಾರು ಮರಿ ರೋಗಾಣುಗಳು ಜೊಲ್ಲುಗ್ರಂಥಿ ಸೇರಿ ಮುಂದಿನ ಕಡಿತಕ್ಕಾಗಿ ಕಾಯುತ್ತವೆ. ಬೆಚ್ಚನೆಯ ಹವೆಯಲ್ಲಿ ಇದಕ್ಕೆಲ್ಲ ಸುಮಾರು 10ರಿಂದ 14 ದಿನ ಬೇಕು. ಅಷ್ಟರೊಳಗೆ ಸೊಳ್ಳೆ ಸತ್ತರೆ ರೋಗದ ಸರಪಳಿಯೂ ಕಡಿಯಿತು.

ಈ ಗುಟ್ಟಿನ ಮೊದಲ ಎಳೆ ಸಿಕ್ಕಿದ್ದು ನಮ್ಮ ನೆರೆಯಲ್ಲೇ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಡಾ. ರೊನಾಲ್ಡ್ ರಾಸ್ ಸೊಳ್ಳೆಯ ಜಠರದಲ್ಲಿ ಈ ರೋಗಾಣುವನ್ನು ಕಂಡರು. 1902ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು.

ನಮ್ಮ ಭಾಗದಲ್ಲಿ

ಆಳಂದದ ಅಮರ್ಜಾ, ಅಫಜಲಪುರ ಮತ್ತು ಜೇವರ್ಗಿಯ ಭೀಮಾ ನದಿಯ ಪಾತ್ರದಲ್ಲಿ ಮಳೆಗಾಲದ ನಂತರ ಉಳಿಯುವ ಹೊಂಡಗಳು, ಕಾಲುವೆ ಬದಿಯ ನಿಂತ ನೀರು ಅನಾಫಿಲಿಸ್ ಸೊಳ್ಳೆಗೆ ಒಳ್ಳೆಯ ತಾಣ. ಈ ಸೊಳ್ಳೆ ಕಚ್ಚುವುದು ಹೆಚ್ಚಾಗಿ ರಾತ್ರಿ ಹೊತ್ತು. ಹಗಲಲ್ಲಿ ಮನೆ, ದನದ ಕೊಟ್ಟಿಗೆಗಳಲ್ಲಿ ಅಡಗಿರುತ್ತದೆ. ಈ ತಾಲ್ಲೂಕುಗಳಿಂದ ಮುಂಬಯಿ, ಪುಣೆಗಳಿಗೆ ದುಡಿಯಲು ಹೋದವರು ಜ್ವರ ಹೊತ್ತು ಊರಿಗೆ ಮರಳಿದರೆ, ಇಲ್ಲಿಯ ಸೊಳ್ಳೆಗಳಿಗೂ ರೋಗಾಣು ಸಿಕ್ಕಂತೆಯೇ.

ಅರ್ಧಕ್ಕೆ ಬಿಡಬೇಡಿ

ಚಳಿಜ್ವರ ಬಂದೊಡನೆ ರಕ್ತ ಪರೀಕ್ಷೆ ಮಾಡಿಸಿ. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ವೈವಾಕ್ಸ್ ಬಗೆಯಾದರೆ 3 ದಿನ ಕ್ಲೋರೋಕ್ವಿನ್, 14 ದಿನ ಪ್ರೈಮಾಕ್ವಿನ್ ಕೊಡುತ್ತಾರೆ. ಜ್ವರ ಇಳಿಯಿತೆಂದು ಗುಳಿಗೆ ಬಿಟ್ಟರೆ ಯಕೃತ್ತಿನಲ್ಲಿ ಅಡಗಿದ ರೋಗಾಣು ತಿಂಗಳುಗಳ ನಂತರ ಮತ್ತೆ ಏಳುತ್ತದೆ. ಪ್ರೈಮಾಕ್ವಿನ್ ಗರ್ಭಿಣಿಯರಿಗೆ, ಎಳೆ ಕೂಸುಗಳಿಗೆ ಸಲ್ಲದು. ಆದ್ದರಿಂದ ವೈದ್ಯರನ್ನು ಕೇಳದೆ ನುಂಗಬಾರದು. ಫಾಲ್ಸಿಪೇರಂ ಬಗೆ ಮಿದುಳಿಗೇರಿ ಪ್ರಾಣ ತೆಗೆಯಬಲ್ಲದು. ಅದರ ಔಷಧಿಯೇ ಬೇರೆ.

ಮನೆಯ ನೀರಿನ ತೊಟ್ಟಿಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ, ಉಜ್ಜಿ ತೊಳೆದು, ಮುಚ್ಚಿಡಿ. ಮುಖ್ಯವಾಗಿ, ಜ್ವರ ಬಂದವರನ್ನೇ ಮೊದಲು ಸೊಳ್ಳೆಪರದೆಯೊಳಗೆ ಮಲಗಿಸಿ. ಅದರಿಂದ ರೋಗಿಗಷ್ಟೇ ಅಲ್ಲ, ಮನೆಮಂದಿಗೂ ನೆರೆಯವರಿಗೂ ರಕ್ಷಣೆ.