ಬ್ರೇಕ್ ಪೆಡಲ್ ಒಳಗಿಳಿದರೆ: ಟ್ರ್ಯಾಕಿಗೆ ಕಾರು ಒಯ್ಯುವವರಿಗೆ ಕೆಲವು ಮಾತು



ಕಂದಲಗಾಂವ, ಸೊಲ್ಲಾಪುರ, ಅಕ್ಕಲಕೋಟ ಭಾಗದ ಎಷ್ಟೋ ಮನೆಗಳ ಹುಡುಗರು ಈಗ ಪುಣೆ, ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾರೆ. ಕಾರಿನ ಹುಚ್ಚು ಇರುವವರು ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೋ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೋ ಸ್ವಂತ ಕಾರು ಒಯ್ದು ಓಡಿಸುವುದುಂಟು. ಹೆದ್ದಾರಿಯಲ್ಲಿ ಜೋರು ಮಾಡುವುದಕ್ಕಿಂತ ಇದು ಎಷ್ಟೋ ವಾಸಿ. ಆದರೆ ಹಬ್ಬಕ್ಕೆ ಹೆಂಡತಿ ಮಕ್ಕಳನ್ನು ಕೂಡಿಸಿಕೊಂಡು ಊರಿಗೆ ಬರುವುದೂ, ತುಳಜಾಪುರದ ಘಾಟ್ ಇಳಿಯುವುದೂ ಅದೇ ಕಾರಿನಲ್ಲಿ. ಆದ್ದರಿಂದ ಬ್ರೇಕ್ ಆಯಿಲ್ ವಿಷಯ ಎಲ್ಲರೂ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇವೆ.

ಆಯಿಲ್ ಕುದಿಯುವುದು ಏಕೆ?

ನಾವು ಆಯಿಲ್ ಎಂದು ಕರೆದರೂ ಅದು ಎಂಜಿನ್ ಆಯಿಲಿನಂಥ ಎಣ್ಣೆಯಲ್ಲ. ಸಾಮಾನ್ಯವಾಗಿ ಅದು ಗ್ಲೈಕಾಲ್ ಜಾತಿಯ ದ್ರವ. ಮಳೆಗಾಲದಲ್ಲಿ ಬೆಲ್ಲ ಒಸರುವಂತೆ ಇದೂ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನೀರು ಸೇರಿದಷ್ಟೂ ಬೇಗ ಕುದಿಯುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತಡೆಯಬೇಕು. ಶೇ. 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ರಲ್ಲಿ ಇದೇ ಅಂಕಿ 205 ಮತ್ತು 140, ಡಾಟ್ 5.1ರಲ್ಲಿ 260 ಮತ್ತು 180.

1000 ಕೆ.ಜಿ. ತೂಕದ ಕಾರನ್ನು 100 ಕಿ.ಮೀ. ವೇಗದಿಂದ ಒಮ್ಮೆ ನಿಲ್ಲಿಸಿದರೆ ಹುಟ್ಟುವ ಶಾಖ ಒಂದು ಲೀಟರಿಗೂ ಹೆಚ್ಚು ನೀರನ್ನು ಕುದಿಯುವ ಹದಕ್ಕೆ ತರಬಲ್ಲದು. ಟ್ರ್ಯಾಕಿನಲ್ಲಿ ಪ್ರತಿ ಸುತ್ತಿಗೂ ಹಲವು ಸಲ ಜೋರಾಗಿ ಬ್ರೇಕ್ ಒತ್ತಬೇಕು. ನಡುವೆ ಆರಲು ಸಮಯವಿಲ್ಲ.

ಆಯಿಲ್ ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ರಂಗಪಂಚಮಿಯ ಪಿಚಕಾರಿ ನೆನಪಿಸಿಕೊಳ್ಳಿ. ನೀರು ತುಂಬಿ ಬಾಯಿ ಮುಚ್ಚಿದರೆ ದಂಡ ಒಳಗೆ ಹೋಗುವುದಿಲ್ಲ. ಗಾಳಿ ಇದ್ದರೆ ಸಲೀಸಾಗಿ ಹೋಗುತ್ತದೆ. ಪೆಡಲಿನದೂ ಅದೇ ಕಥೆ. ನಿಮ್ಮ ಒತ್ತಡವೆಲ್ಲ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿದು ಚಕ್ರದವರೆಗೆ ಮುಟ್ಟುವುದಿಲ್ಲ.

ದೋಷ ಗುರುತಿಸುವುದು ಹೇಗೆ?

1. ಮೊದಲು ಸರಿಯಿದ್ದು, ಕೆಲವು ಸುತ್ತಿನ ನಂತರ ಪೆಡಲ್ ಮೆತ್ತಗಾಗಿ ಆಳಕ್ಕೆ ಹೋದರೆ ಆಯಿಲ್ ಕುದಿದಿರುವ ಸಂಭವ ಹೆಚ್ಚು.

2. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ, ಸುಟ್ಟ ವಾಸನೆ ಬಂದರೆ, ಪ್ಯಾಡ್ ಅತಿಯಾಗಿ ಕಾದಿವೆ. ಇದಕ್ಕೆ ಆಯಿಲ್ ಬದಲಿಸಿ ಉಪಯೋಗವಿಲ್ಲ.

3. ಕಾರು ತಣ್ಣಗಿರುವಾಗಲೇ ಪೆಡಲ್ ಸ್ಪಂಜಿನಂತಿದ್ದು, ಎರಡು ಮೂರು ಸಲ ಒತ್ತಿದಾಗ ಗಟ್ಟಿಯಾದರೆ ಪೈಪಿನಲ್ಲಿ ಗಾಳಿ ಸೇರಿರಬಹುದು.

4. ಕಾಲು ಒತ್ತಿ ಹಿಡಿದಂತೆಯೇ ಪೆಡಲ್ ಮೆಲ್ಲಗೆ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಕೆಟ್ಟಿದೆ. ಅಂಥ ಕಾರು ಹೊರಗೆ ತೆಗೆಯಬೇಡಿ.

5. ಡಬ್ಬಿಯಲ್ಲಿ ಆಯಿಲ್ ಕಡಿಮೆಯಾದರೆ ಸುಮ್ಮನೆ ತುಂಬಬೇಡಿ. ಪ್ಯಾಡ್ ಸವೆದಿದೆಯೇ, ಸೋರಿಕೆಯಿದೆಯೇ ಎಂದು ಮೊದಲು ನೋಡಿಸಿ.

ಆ ಕ್ಷಣದಲ್ಲಿ ಏನು ಮಾಡಬೇಕು?

ಪೆಡಲನ್ನು ಬೇಗ ಬೇಗ ಹಲವು ಸಲ ಒತ್ತಿ, ಗಿಯರ್ ಇಳಿಸುತ್ತ ವೇಗ ತಗ್ಗಿಸಿ, ನಿಧಾನವಾಗಿ ಹೊರಗೆ ಬನ್ನಿ. ಬ್ರೇಕ್ ಕೆಂಡವಾಗಿರುವಾಗ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಬೇಡಿ. ಗಿಯರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಅಥವಾ ಕಟ್ಟಿಗೆ ಕೊಡಿ.

ಇಲ್ಲೊಂದು ಮುಖ್ಯ ಮಾತು. ಅರ್ಧ ಗಂಟೆ ಆರಿದ ಮೇಲೆ ಪೆಡಲ್ ಮತ್ತೆ ಗಟ್ಟಿಯಾಗಬಹುದು. "ಸರಿ ಆಯಿತು" ಎಂದು ಹೊರಟುಬಿಡುವುದು ಆಗಲೇ. ಆಯಿಲಿನಲ್ಲಿರುವ ನೀರು ಎಲ್ಲಿಗೂ ಹೋಗಿರುವುದಿಲ್ಲ. ಮುಂದಿನ ಘಾಟಿನಲ್ಲಿ ಅದು ಮತ್ತೆ ಕುದಿಯುತ್ತದೆ, ಆಗ ಹಿಂದಿನ ಸೀಟಿನಲ್ಲಿ ಮಕ್ಕಳಿರುತ್ತಾರೆ. ಒಮ್ಮೆ ಕುದಿದ ಆಯಿಲನ್ನು ಪೂರ್ತಿ ತೆಗೆಸಿ ಹೊಸದು ಹಾಕಿಸಿಯೇ ಮನೆಯ ದಾರಿ ಹಿಡಿಯಬೇಕು.

ಬದಲಿಸುವಾಗ ಗಮನಿಸಬೇಕಾದ್ದು

ಕಾರಿನ ಪುಸ್ತಕದಲ್ಲಿ ಹೇಳಿದ ದರ್ಜೆಯನ್ನೇ ಹಾಕಿಸಿ. ಸೀಲ್ ಒಡೆಯದ ಹೊಸ ಡಬ್ಬಿ ಇರಲಿ. ಎಂದೋ ತೆರೆದಿಟ್ಟ ಅರ್ಧ ಡಬ್ಬಿ ಬೇಡ. ಡಾಟ್ 5 ಸಿಲಿಕೋನ್ ಜಾತಿಯದು, ಹೆಸರು ಹತ್ತಿರವಿದೆ ಎಂದು ಬೆರೆಸಬಾರದು. ಎಂಜಿನ್ ಆಯಿಲ್ ಸೇರಿದರಂತೂ ಒಳಗಿನ ರಬ್ಬರ್ ಉಬ್ಬಿ ಕೆಡುತ್ತದೆ.

ಗಾಳಿ ತೆಗೆಯುವಾಗ ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿಯ ನಿಪ್ಪಲ್ ಸಡಿಲಿಸಿ, ಮತ್ತೆ ಬಿಗಿದ ಮೇಲೆಯೇ ಪೆಡಲ್ ಬಿಡಬೇಕು. ನಡುವೆ ಮೇಲಿನ ಡಬ್ಬಿ ಬರಿದಾಗಬಾರದು. ಎಬಿಎಸ್ ಇರುವ ಕೆಲವು ಕಾರುಗಳಿಗೆ ಕಂಪ್ಯೂಟರ್ ಯಂತ್ರವೂ ಬೇಕಾಗುವುದರಿಂದ ಬಲ್ಲ ಮೇಸ್ತ್ರಿಯ ಕೈಯಲ್ಲೇ ಮಾಡಿಸುವುದು ಒಳ್ಳೆಯದು. ಆಯಿಲ್ ಬಣ್ಣದ ಮೇಲೆ ಬಿದ್ದರೆ ತಕ್ಷಣ ನೀರಿನಿಂದ ತೊಳೆಯಿರಿ.

ಟ್ರ್ಯಾಕಿಗೆ ಹೋಗದವರಿಗೂ ಒಂದು ಮಾತು: ಘಾಟನ್ನು ಯಾವ ಗಿಯರಿನಲ್ಲಿ ಏರುತ್ತೇವೋ ಅದೇ ಗಿಯರಿನಲ್ಲಿ ಇಳಿಯಬೇಕೆಂಬ ಹಳೆಯ ಡ್ರೈವರುಗಳ ನಿಯಮ ಇಂದಿಗೂ ಸರಿಯೇ. ಬ್ರೇಕ್ ಆಯಿಲನ್ನು ಕೊನೆಯ ಸಲ ಯಾವಾಗ ಬದಲಿಸಿದ್ದು ಎಂದು ಇಂದೇ ಸರ್ವಿಸ್ ಪುಸ್ತಕ ತೆಗೆದು ನೋಡಿ. ಊರಿನಿಂದ ದೂರವಿರುವ ಮಕ್ಕಳಿಗೂ ಫೋನ್ ಮಾಡಿ ಕೇಳಿ ಎಂದು ಸದಸ್ಯರಲ್ಲಿ ವಿನಂತಿ.

— ಕಾರ್ಯದರ್ಶಿ